ಬ್ಯಾನರ್ ಇಳಿಸಿದ ಮೇಲೆ ಊರಿಗೆ ಎಂಥ ಉಳೀತದೆ?

1/9

ಮೊದಲ ಫೋಟೋ ನೋಡಿ. ಒಂದು ಸ್ಟೇಜ್, ಹಿಂದೆ ಗೋಡೆಯಷ್ಟು ದೊಡ್ಡ ಫ್ಲೆಕ್ಸ್. ಫ್ಲೆಕ್ಸ್ ತುಂಬ ನೀಲಿ ಸಮುದ್ರ, ಹಾಲಿನ ಹಾಗೆ ಬಿಳಿ ಮರಳು, ವಾಲಿದ ಎರಡು ತೆಂಗಿನ ಮರ. ಮೇಲೆ ದೊಡ್ಡ ಅಕ್ಷರದಲ್ಲಿ "ಕಡಲ ನಗರಿಗೆ ಸ್ವಾಗತ".

ಈಗ ಸ್ವಲ್ಪ ಝೂಮ್ ಮಾಡಿ. ಅದು ನಮ್ಮ ಸಮುದ್ರವೇ ಅಲ್ಲ ಮಾರಾಯ್ರೆ. ನಮ್ಮ ಮರಳು ಅಷ್ಟು ಬಿಳಿ ಇಲ್ಲ, ನಮ್ಮ ನೀರು ಅಷ್ಟು ನೀಲಿ ಇಲ್ಲ. ಯಾರೋ ನೆಟ್‌ನಿಂದ ಇಳಿಸಿ ಹಾಕಿದ್ದು. ಪಣಂಬೂರು, ತಣ್ಣೀರುಬಾವಿ, ಸೋಮೇಶ್ವರ ಎಲ್ಲ ಇಟ್ಟುಕೊಂಡು ನಾವು ಬೇರೆ ಯಾವುದೋ ದ್ವೀಪದ ಫೋಟೋ ಹಾಕಿ ಜನರನ್ನು ಮಂಗಳೂರಿಗೆ ಸ್ವಾಗತಿಸಿದ್ದೇವೆ.

ಅದು ಕಳೆದ ವರ್ಷ ನಮ್ಮ ಊರಿನ ಒಂದು ಹಾಲ್‌ನಲ್ಲಿ ನಡೆದ ಮೂರು ದಿನದ ರಾಷ್ಟ್ರೀಯ ಸಮ್ಮೇಳನ. ಯಾರು ಮಾಡಿದ್ದು, ಎಲ್ಲಿ ಮಾಡಿದ್ದು ಅಂತ ಹೇಳುವುದಿಲ್ಲ, ಕಮೆಂಟ್‌ನಲ್ಲಿ ಕೇಳಬೇಡಿ. ಒಬ್ಬರ ಮೇಲೆ ಕಲ್ಲು ಹೊಡೆಯಲಿಕ್ಕೆ ಇದನ್ನು ಬರೀತಾ ಇಲ್ಲ. ನಾನು ಅಲ್ಲಿ ವಾಲಂಟಿಯರ್ ಆಗಿದ್ದೆ, ರಿಜಿಸ್ಟ್ರೇಷನ್ ಟೇಬಲ್‌ನಲ್ಲಿ.

ಮೂರನೇ ದಿನ ಮಧ್ಯಾಹ್ನ, ಏರ್‌ಪೋರ್ಟಿಗೆ ಹೋಗುವ ಬಸ್ಸು ಗೇಟಿಗೆ ಬಂದು ನಿಂತಿತ್ತು. ಕಲಬುರಗಿಯಿಂದ ಬಂದಿದ್ದ ಒಬ್ಬರು ಮೇಡಂ ಬ್ಯಾಗ್ ಹಿಡ್ಕೊಂಡು ನನ್ನ ಹತ್ತಿರ ಬಂದು ಕೇಳಿದ್ರು: "ಸಮುದ್ರ ಯಾ ಕಡಿ ಅದ?"

ಮೂರು ದಿನ ಇದೇ ಊರಲ್ಲಿದ್ದರು. ಸಮುದ್ರ ನೋಡಿಲ್ಲ. ಜೀವನದಲ್ಲೇ ನೋಡಿಲ್ಲ ಅಂದ್ರು. ಹಾಸ್ಟೆಲ್ ರೂಮಿನಿಂದ ಹಾಲ್‌ಗೆ, ಹಾಲ್‌ನಿಂದ ರೂಮಿಗೆ, ಅಷ್ಟೇ. ನಾನು ಕೈ ತೋರಿಸಿ "ಆ ಕಡೆ ಮೇಡಂ, ಪಣಂಬೂರು ಸುಮಾರು ಹತ್ತು ಕಿಲೋಮೀಟರ್" ಅಂದೆ. ಅವರು ಆ ಕಡೆ ಒಮ್ಮೆ ನೋಡಿದ್ರು. ಅಲ್ಲಿ ಕಂಡದ್ದು ಪಾರ್ಕಿಂಗ್ ಶೆಡ್. "ಇರ್ಲಿ ಬಿಡವ್ವಾ" ಅಂತ ನಕ್ಕು ಬಸ್ ಹತ್ತಿದ್ರು.

ಆ "ಇರ್ಲಿ ಬಿಡವ್ವಾ" ನನಗೆ ಇವತ್ತಿಗೂ ಚುಚ್ತದೆ. ಅದಕ್ಕೇ ಈ ಸೀರೀಸ್.

2/9

ಎರಡನೇ ಫೋಟೋ: ಊಟದ ಕೌಂಟರ್. ಪನೀರ್ ಬಟರ್ ಮಸಾಲ, ಗೋಬಿ ಮಂಚೂರಿ, ವೆಜ್ ಪಲಾವ್, ಕಪ್‌ನಲ್ಲಿ ವೆನಿಲಾ ಐಸ್‌ಕ್ರೀಮ್.

ಕೆಟ್ಟ ಊಟ ಅಂತ ಹೇಳುವುದಿಲ್ಲ. ಆದ್ರೆ ಇದೇ ಊಟ ಇಂದೋರ್‌ನಲ್ಲೂ ಸಿಗ್ತದೆ, ಕೊಯಮತ್ತೂರಲ್ಲೂ ಸಿಗ್ತದೆ. ನೀರ್‌ದೋಸೆ ಇಲ್ಲ. ಮೂಡೆ ಇಲ್ಲ. ಗೋಳಿಬಜೆ ಇಲ್ಲ. ಬನ್ಸ್ ಇಲ್ಲ. ಮೀನಿನ ಮಾತು ಬಿಡಿ, "ವೆಜ್ ಮಾತ್ರ" ಅಂದ್ರು, ಒಪ್ಪಿದೆ. ಆದ್ರೆ ವೆಜ್‌ನಲ್ಲಿ ನಮಗೆ ಎಂಥ ಕಡಿಮೆ ಉಂಟು?

ನನ್ನ ಅಮ್ಮನ ಸ್ವಸಹಾಯ ಸಂಘದಲ್ಲಿ ಹನ್ನೆರಡು ಜನ ಹೆಂಗಸರು ಇದ್ದಾರೆ. ಮದುವೆಗೆ, ಗೃಹಪ್ರವೇಶಕ್ಕೆ ಮುನ್ನೂರು ಜನರಿಗೆ ಮೂಡೆ, ಕೊಟ್ಟಿಗೆ ಮಾಡಿ ಕೊಟ್ಟವರು. ಹಾಲ್‌ನಿಂದ ನಮ್ಮ ಮನೆಗೆ ಎರಡು ಬಸ್‌ಸ್ಟಾಪ್. ಅವರನ್ನು ಯಾರೂ ಕೇಳಲಿಲ್ಲ. ಕೇಳಬಹುದು ಅಂತ ಯಾರಿಗೂ ಹೊಳೆಯಲೇ ಇಲ್ಲ. ನಂಗೂ ಹೊಳೆದದ್ದು ಆಮೇಲೆ, ಅದನ್ನೂ ಒಪ್ಪಿಕೊಳ್ತೇನೆ.

ಇನ್ನು ವಾಲಂಟಿಯರ್‌ಗಳ ಊಟ. ಮೂರೂವರೆಗೆ ನಮ್ಮ ಸರದಿ ಬಂತು. ಅಷ್ಟೊತ್ತಿಗೆ ಪಲಾವ್ ಮುಗಿದಿತ್ತು, ಬರೀ ಅನ್ನ ಮತ್ತು ಗೋಬಿಯ ಗ್ರೇವಿ. ನಿಂತೇ ಉಂಡೆವು. ಬೆಳಿಗ್ಗೆ ಏಳರಿಂದ ರಾತ್ರಿ ಎಂಟರವರೆಗೆ ಕೆಲಸ, ಮೂರು ದಿನ. ಸಿಕ್ಕಿದ್ದು ಒಂದು ಟೀ ಶರ್ಟ್, ಒಂದು ಸರ್ಟಿಫಿಕೇಟ್. ಸರ್ಟಿಫಿಕೇಟ್‌ನಲ್ಲಿ ನನ್ನ ಹೆಸರಿನ ಸ್ಪೆಲ್ಲಿಂಗ್ ತಪ್ಪು.

ನಿಮಗೂ ಹೀಗೇ ಆಗಿದೆ, ಗೊತ್ತುಂಟು. ಯಾಕಂದ್ರೆ ನಾವೆಲ್ಲ ಒಂದೇ ವಾಟ್ಸಾಪ್ ಗ್ರೂಪ್‌ನಲ್ಲಿ ಇದನ್ನೇ ಹೇಳಿಕೊಂಡು ನಕ್ಕವರು. ಈಗ ನಗುವುದು ಸ್ವಲ್ಪ ನಿಲ್ಲಿಸಿ ಯೋಚನೆ ಮಾಡುವ.

ಮೂರು ದಿನ ಮುಗಿದ ಮೇಲೆ ಬ್ಯಾನರ್ ಇಳಿಸಿದರು. ಹಾಲ್ ಗುಡಿಸಿದರು. ಹಿಂದಿನ ಗೇಟಲ್ಲಿ ನೀರಿನ ಬಾಟಲಿಗಳ ರಾಶಿ. ಅದೊಂದು ಬಿಟ್ಟು ಈ ಊರಿಗೆ ಆ ಸಮ್ಮೇಳನದಿಂದ ಎಂಥ ಉಳೀತು?

ಈ ಸೀರೀಸ್ ಪೂರ್ತಿ ಇದೊಂದೇ ಪ್ರಶ್ನೆ. ಬ್ಯಾನರ್ ಇಳಿಸಿದ ಮೇಲೆ ಊರಿಗೆ ಎಂಥ ಉಳೀತದೆ?

3/9

ಇದು ಹೊಸ ಪ್ರಶ್ನೆ ಅಲ್ಲ. ಹೊರಗಿನವರನ್ನು ಬರಮಾಡಿಕೊಳ್ಳುವುದು ಮಂಗಳೂರಿಗೆ ನಿನ್ನೆ ಮೊನ್ನೆ ಬಂದ ಬಿಸಿನೆಸ್ ಅಲ್ಲ.

ಹನ್ನೆರಡನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅಂತ ಒಬ್ಬ ಯಹೂದಿ ವ್ಯಾಪಾರಿ ಉತ್ತರ ಆಫ್ರಿಕಾ ಕಡೆಯಿಂದ ಏಡನ್ ದಾಟಿ ಇಲ್ಲಿಗೆ ಬಂದ. ಹತ್ತಕ್ಕೂ ಹೆಚ್ಚು ವರ್ಷ ಮಂಗಳೂರಲ್ಲಿದ್ದ, ಹಿತ್ತಾಳೆ ಸಾಮಾನಿನ ಕೆಲಸ ಮಾಡಿಸ್ತಿದ್ದ. ಅವನ ಕಾಗದ ಪತ್ರಗಳು ಕೈರೋದ ಒಂದು ಸಿನಗಾಗ್‌ನಲ್ಲಿ ಸಿಕ್ಕಿದವು. ಅಮಿತಾವ್ ಘೋಷ್ ಅವರು 1992ರಲ್ಲಿ ಒಂದು ಪುಸ್ತಕವನ್ನೇ ಅದರ ಬೆನ್ನು ಹಿಡಿದು ಬರೆದರು. ಹದಿನಾಲ್ಕನೇ ಶತಮಾನದಲ್ಲಿ ಇಬ್ನ್ ಬತೂತ ಇಲ್ಲಿಗೆ ಬಂದಾಗ ಪರ್ಷಿಯಾ, ಯೆಮನ್ ಕಡೆಯ ವ್ಯಾಪಾರಿಗಳು ಇಲ್ಲಿ ಹಡಗು ಇಳಿಯುತ್ತಿದ್ದರು ಅಂತ ಬರೆದಿದ್ದಾನೆ.

1834ರಲ್ಲಿ ಬಾಸೆಲ್ ಮಿಷನ್‌ನವರು ಬಂದರು. ಅವರು ಬಂದದ್ದು ಅವರ ಧರ್ಮದ ಕೆಲಸಕ್ಕೆ, ಅದು ಬೇರೆ ಚರ್ಚೆ. ಆದ್ರೆ ಅವರಿಂದ ಇಲ್ಲಿ ಪ್ರೆಸ್ ಬಂತು. 1843ರಲ್ಲಿ ಹರ್ಮನ್ ಮೊಗ್ಲಿಂಗ್ "ಮಂಗಳೂರ ಸಮಾಚಾರ" ಶುರು ಮಾಡಿದರು, ಕನ್ನಡದ ಮೊದಲ ಪತ್ರಿಕೆ. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಫ್ಯಾಕ್ಟರಿ ಬಂತು. "ಮಂಗಳೂರು ಹಂಚು" ಅನ್ನುವ ಹೆಸರು ದೇಶ ದಾಟಿತು. ನಿಮ್ಮ ಅಜ್ಜಿ ಮನೆಯ ಮಾಡು ನೋಡಿ, ಅದೇ.

ಇಟಲಿಯಿಂದ ಬಂದ ಅಂತೋನಿಯೋ ಮೊಸ್ಕೇನಿ 1899ರಿಂದ 1901ರ ನಡುವೆ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಮಾಡು ತುಂಬ ಚಿತ್ರ ಬರೆದ. ನಾವು ಇವತ್ತಿಗೂ ನೆಂಟರು ಬಂದರೆ ಅಲ್ಲಿಗೇ ಕರ್ಕೊಂಡು ಹೋಗುವುದು.

ನೋಡಿ, ಇವರೆಲ್ಲ ನಮ್ಮ ಊರಿಗೆ ಬಂದವರು. ಪ್ರತಿಯೊಬ್ಬರೂ ಎಂಥದ್ದೋ ಒಂದು ಬಿಟ್ಟು ಹೋದರು: ಕಾಗದ, ಪತ್ರಿಕೆ, ಹಂಚು, ಚಿತ್ರ. ಈ ಊರಿಂದ ಎಂಥದ್ದೋ ಒಂದು ತಗೊಂಡೂ ಹೋದರು. ಬಂದರು ಊರು ಅಂದ್ರೆ ಅದೇ ಅಲ್ವಾ? ಇಳಿಸುವುದು, ಏರಿಸುವುದು, ಎರಡೂ ಆಗಬೇಕು.

ಈಗ ಬರುವ ಡೆಲಿಗೇಟ್‌ಗಳು ತಗೊಂಡು ಹೋಗುವುದು ಒಂದು ರೆಕ್ಸಿನ್ ಬ್ಯಾಗ್. ಬಿಟ್ಟು ಹೋಗುವುದು ಬಾಟಲಿ.

4/9

"ಊರಿಗೆ ದೊಡ್ಡ ಕನ್ವೆನ್ಷನ್ ಸೆಂಟರ್ ಇನ್ನೂ ಒಂದು ಬೇಕು, ಆಗ ಎಲ್ಲ ಸರಿ ಆಗ್ತದೆ" ಅಂತ ಹೇಳುವವರು ಇದ್ದಾರೆ. ನಮ್ಮ ಕ್ಲಾಸಿನಲ್ಲೂ ಇದ್ದಾರೆ. ಮೊನ್ನೆ ಕ್ಯಾಂಟೀನ್‌ನಲ್ಲಿ ಇದರ ಮೇಲೆ ದೊಡ್ಡ ವಾದ ಆಯ್ತು.

ಅವರ ಮಾತಲ್ಲಿ ಅರ್ಥ ಇಲ್ಲ ಅಂತ ಅಲ್ಲ. ಸಾವಿರಾರು ಜನ ಬರುವ ಸಮ್ಮೇಳನಕ್ಕೆ ಒಂದೇ ಸೂರು ಬೇಕು, ಪಾರ್ಕಿಂಗ್ ಬೇಕು, ಒಳ್ಳೆ ಸೌಂಡ್ ಬೇಕು. ಎಂ.ಜಿ. ರೋಡಿನಲ್ಲಿ ಟಿ.ಎಂ.ಎ. ಪೈ ಇಂಟರ್‌ನ್ಯಾಷನಲ್ ಕನ್ವೆನ್ಷನ್ ಸೆಂಟರ್ ಬಂದ ಮೇಲೆ ಊರಲ್ಲಿ ದೊಡ್ಡ ಕಾರ್ಯಕ್ರಮ ಮಾಡುವುದು ಸುಲಭ ಆಗಿದೆ, ಹೌದು. ಅಲ್ಲಿ ನಡೆದ ಲಿಟ್ ಫೆಸ್ಟ್‌ಗೆ ನಾವೇ ಗುಂಪಾಗಿ ಹೋಗಿದ್ದೇವೆ.

ಆದ್ರೆ ಹಾಲ್ ಎಷ್ಟು ಒಳ್ಳೆದಾದ್ರೂ ಒಳಗೆ ಕೂತವರಿಗೆ ಊರು ಕಾಣುವುದಿಲ್ಲ. ಎಸಿ ಹಾಕಿ ಪರದೆ ಎಳೆದ ಮೇಲೆ ಅದು ಮಂಗಳೂರೂ ಹೌದು, ಹೈದರಾಬಾದೂ ಹೌದು. ಹಾಲ್‌ನ ವಿಷಯದಲ್ಲಿ ಬೆಂಗಳೂರು, ಹೈದರಾಬಾದ್ ಜೊತೆ ರೇಸ್ ಓಡಿದರೆ ನಾವು ಸೋಲುವುದೇ. ಅವರ ಹತ್ತಿರ ವಿಮಾನ ಹೆಚ್ಚು, ಹೋಟೆಲ್ ಹೆಚ್ಚು, ದುಡ್ಡು ಹೆಚ್ಚು. ಅವರ ಹತ್ತಿರ ಇಲ್ಲದ್ದು ಎಂಥದು? ಕಡಲು, ಬಂದರು, ಒಂಬೈನೂರು ವರ್ಷದ ಹಿಂದಿನ ಕಾಗದದಲ್ಲೂ ಬರುವ ಈ ಹೆಸರು.

ನೆರೆಯವರು ಎಂಥ ಮಾಡಿದ್ದಾರೆ ನೋಡಿ. ಗೋವಾದಲ್ಲಿ 2004ರಿಂದ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ನಡೀತಾ ಉಂಟು. ಪಣಜಿಯಲ್ಲಿ ಮಾಂಡವಿ ನದಿ ದಡದ ಹಳೇ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ಕೆಡವದೆ ಅದಕ್ಕೇ ಬಳಸಿಕೊಂಡರು. ಸಿನಿಮಾ ನೋಡಿ ಹೊರಗೆ ಬಂದರೆ ನದಿ, ನದಿ ಪಕ್ಕದ ಫುಟ್‌ಪಾತ್, ಜನ.

ಕೊಚ್ಚಿಯಲ್ಲಿ 2012ರ ಡಿಸೆಂಬರ್ 12ಕ್ಕೆ ಬಿಯೆನಾಲೆ ಶುರುವಾಯ್ತು. ಅದಕ್ಕೆ ಹೊಸ ಮ್ಯೂಸಿಯಂ ಕಟ್ಟಲಿಲ್ಲ. ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್ ಅನ್ನುವ ಹಳೇ ವ್ಯಾಪಾರಿ ಕಂಪೆನಿಯ ಕಟ್ಟಡ, ಮೆಣಸು, ಸಾಂಬಾರ ಪದಾರ್ಥ ತುಂಬಿಡ್ತಿದ್ದ ಗೋದಾಮುಗಳು, ಅವುಗಳಲ್ಲೇ ಕಲಾಕೃತಿ ಇಟ್ಟರು. ನೋಡ್ಲಿಕ್ಕೆ ಬಂದವರು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬೀದಿಯಲ್ಲೇ ನಡೀಬೇಕು. ನಡೀತಾ ಚಹ ಕುಡೀತಾರೆ, ಆಟೋ ಹತ್ತುತ್ತಾರೆ, ಊರು ನೋಡ್ತಾರೆ. ಅವರೂ ಎಡವಿದ್ದಾರೆ. 2022ರಲ್ಲಿ ತಯಾರಿ ಮುಗಿಯದೆ ಉದ್ಘಾಟನೆಯನ್ನೇ ಮುಂದೆ ಹಾಕಬೇಕಾಯ್ತು. ಆದ್ರೂ ಊರನ್ನು ಹಿಂದಿನ ಪರದೆ ಮಾಡಿಕೊಳ್ಳಲಿಲ್ಲ, ಊರನ್ನೇ ಸ್ಟೇಜ್ ಮಾಡಿಕೊಂಡರು.

ನಮ್ಮ ಹಳೇ ಹಂಚಿನ ಫ್ಯಾಕ್ಟರಿಗಳಲ್ಲಿ ಎಷ್ಟೋ ಮುಚ್ಚಿವೆ. ಒಂದರ ನಂತರ ಒಂದು ನೆಲಸಮ ಆಗ್ತಾ ಉಂಟು. ಉಳಿದ ಒಂದು ಗೂಡಿನ ಕೆಳಗೆ ನೂರು ಕುರ್ಚಿ ಹಾಕಿ ಒಂದು ಗೋಷ್ಠಿ ಮಾಡ್ಲಿಕ್ಕೆ ಆಗುವುದಿಲ್ವಾ?

5/9

"ಎಲ್ಲ ಸರಿ, ಆದ್ರೆ ಯಾವಾಗ?" ಅಂತ ಕೇಳಿದ್ರೆ ಅದಕ್ಕೂ ಈ ಊರಿನ ಹತ್ತಿರವೇ ಉತ್ತರ ಉಂಟು. ಈ ಫೋಟೋ ನನ್ನ ಅಜ್ಜನ ಮನೆಯ ಪಂಚಾಂಗದ್ದು.

ತುಳುನಾಡಿನಲ್ಲಿ ಇವೆಂಟ್ ಕ್ಯಾಲೆಂಡರ್ ಅಂತ ಒಂದು ತುಂಬ ಹಿಂದಿನಿಂದ ಉಂಟು. ಮಳೆ ನಿಂತು ದೀಪಾವಳಿ ಕಳೆದ ಮೇಲೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡ್ತವೆ. ಕಂಬಳ ಶುರು, ಕೋಲ ನೇಮ ಶುರು. ಬೇಶ ತಿಂಗಳ ಹತ್ತನೇ ದಿನ, ಅಂದ್ರೆ ಮೇ ಕೊನೆಯ ವಾರದ ಹೊತ್ತಿಗೆ, ಪತ್ತನಾಜೆ. ಅವತ್ತು ಗೆಜ್ಜೆ ಬಿಚ್ಚಿ ಇಡ್ತಾರೆ. ಆಮೇಲೆ ಮಳೆ, ಗದ್ದೆ ಕೆಲಸ. ಜೂನ್, ಜುಲೈ ಯಾಂತ್ರಿಕ ದೋಣಿಗಳಿಗೂ ರಜೆ. ಸಮುದ್ರಕ್ಕೆ ಇಳಿಯಲಿಕ್ಕಿಲ್ಲ.

ನಮ್ಮ ಹಿರಿಯರಿಗೆ ಗೊತ್ತಿತ್ತು, ಇಲ್ಲಿ ಯಾವ ತಿಂಗಳಲ್ಲಿ ಜನ ಸೇರಿಸಬಹುದು, ಯಾವ ತಿಂಗಳಲ್ಲಿ ಸೇರಿಸಬಾರದು ಅಂತ. ನಮಗೆ ಗೊತ್ತಿಲ್ಲ. ನಾವು ಜುಲೈಯಲ್ಲಿ ರಾಷ್ಟ್ರೀಯ ಸಮ್ಮೇಳನ ಇಟ್ಟುಕೊಂಡು, ಶಿರಾಡಿಯಲ್ಲಿ ಗುಡ್ಡ ಜರಿದ ಕೂಡಲೇ ತಲೆ ಮೇಲೆ ಕೈ ಇಟ್ಟು ಕೂರ್ತೇವೆ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಹತ್ತಿರ ಹಳಿಯ ಅಡಿಯ ಮಣ್ಣು ಕುಸಿದು ಬೆಂಗಳೂರು ರೈಲು ಎಷ್ಟು ದಿನ ನಿಂತಿತ್ತು, ನೆನಪುಂಟಲ್ಲ? ಹಾಸ್ಟೆಲ್‌ನವರಿಗೆ ಚೆನ್ನಾಗಿ ನೆನಪಿರ್ತದೆ.

ಕಾಲ ನೋಡಿ ಮಾಡಿದ ಹೊಸ ಕಾರ್ಯಕ್ರಮವೂ ಉಂಟು. ಇಂಡಿಯನ್ ಓಪನ್ ಆಫ್ ಸರ್ಫಿಂಗ್ 2016ರಲ್ಲಿ ಸಸಿಹಿತ್ಲುವಿನಲ್ಲಿ ಶುರುವಾಯ್ತು, ಆಮೇಲೆ ಪಣಂಬೂರಿಗೂ ಬಂತು. ಮಳೆಗಾಲ ಹತ್ತಿರ ಬರುವಾಗ, ಮೇ ಕೊನೆಗೆ ಅಥವಾ ಜೂನ್ ಶುರುವಿಗೆ ಇಡ್ತಾರೆ. ಯಾಕಂದ್ರೆ ಅವರಿಗೆ ಬೇಕಾದ ಅಲೆ ಬರುವುದೇ ಆಗ. ಅದನ್ನು ದೆಹಲಿಯ ಹಾಲ್‌ಗೆ ಎತ್ತಿಕೊಂಡು ಹೋಗ್ಲಿಕ್ಕೆ ಯಾರಿಂದಲೂ ಆಗುವುದಿಲ್ಲ. ಈ ಕಡಲಿಗೆ ಬಂದೇ ಆಗಬೇಕು. ಮಂಗಳೂರಿನ ಕಾರ್ಯಕ್ರಮ ಅಂದ್ರೆ ಹಾಗಿರಬೇಕು.

6/9

ಈಗ ಒಂದು ಎಚ್ಚರಿಕೆ. ಇದನ್ನೆಲ್ಲ ಓದಿ "ಹಾಗಾದ್ರೆ ಸ್ಟೇಜನ್ನೇ ಬೀಚಿಗೆ ತಗೊಂಡು ಹೋಗುವ" ಅಂತ ಯಾರಾದ್ರೂ ಹೇಳಿದ್ರೆ ನನ್ನನ್ನು ಟ್ಯಾಗ್ ಮಾಡಬೇಡಿ.

ಬೀಚ್ ಖಾಲಿ ಜಾಗ ಅಲ್ಲ. ಅದು ಒಬ್ಬರ ಕೆಲಸದ ಅಂಗಳ. ಬಲೆ ಒಣಗಿಸುವುದು ಅಲ್ಲಿ, ನಾಡದೋಣಿ ಎಳೆದಿಡುವುದು ಅಲ್ಲಿ. ನಾಲ್ಕು ದಿನದ ಉತ್ಸವಕ್ಕೆ ಹಗ್ಗ ಕಟ್ಟಿ "ಪ್ರವೇಶ ಇಲ್ಲ" ಅಂತ ಬೋರ್ಡ್ ಹಾಕಿದಾಗ, ಆ ಬೋರ್ಡ್ ಓದಬೇಕಾಗಿ ಬರುವುದು ಅಲ್ಲಿಯೇ ಹುಟ್ಟಿ ಬೆಳೆದವರು.

ಇನ್ನೊಂದು, ಕಡಲಾಮೆ. 2024ರ ಆರಂಭದಲ್ಲಿ ಸಸಿಹಿತ್ಲು ಕಡೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಟ್ಟ ಸುದ್ದಿ ನೀವೂ ಶೇರ್ ಮಾಡಿದ್ದೀರಿ, ನಾನೂ ಮಾಡಿದ್ದೇನೆ. ಅರಣ್ಯ ಇಲಾಖೆಯವರು ಬೇಲಿ ಹಾಕಿ ಕಾದರು. ಆಮೆ ಬರುವುದು ಚಳಿಗಾಲದಲ್ಲಿ. ನಮ್ಮ ಉತ್ಸವಗಳ ಸೀಸನ್ ಕೂಡ ಅದೇ. ಮೊಟ್ಟೆ ಒಡೆದು ಬರುವ ಮರಿ ರಾತ್ರಿ ಹೊತ್ತು ಬೆಳಕು ಹೆಚ್ಚು ಕಾಣುವ ಕಡೆ ಹೋಗ್ತದೆ. ಕತ್ತಲೆಯ ದಡದಲ್ಲಿ ಅದು ಸಮುದ್ರದ ಕಡೆ. ನಾವು ಫ್ಲಡ್‌ಲೈಟ್ ಹಾಕಿದರೆ ಅದು ಸ್ಟೇಜ್ ಕಡೆ, ರಸ್ತೆ ಕಡೆ.

ಹಾಗಂತ ಬೀಚಲ್ಲಿ ಎಂಥದ್ದೂ ಬೇಡ ಅಂತ ಅಲ್ಲ. ನಮ್ಮ ಬೀಚಲ್ಲಿ ಗಾಳಿಪಟ ಉತ್ಸವ ಆಗ್ತದೆ. ಗಾಳಿಪಟಕ್ಕೆ ಬೇಕಾದ್ದು ಗಾಳಿ ಮತ್ತು ಹಗಲು. ಅದು ಆ ಜಾಗಕ್ಕೆ ಹೊಂದುವ ಕಾರ್ಯಕ್ರಮ. ಬೆಳಿಗ್ಗೆ ಬನ್ನಿ, ಸಂಜೆ ಸೂರ್ಯ ಮುಳುಗಿದ ಮೇಲೆ ದಡವನ್ನು ಅದರ ಪಾಡಿಗೆ ಬಿಡಿ. ಡಿಜೆ ಬೇಕಾದ್ರೆ ಊರೊಳಗೆ ಮೈದಾನ ಉಂಟು.

ಫ್ಲೆಕ್ಸ್ ಬಗ್ಗೆ ಬೇರೆ ಹೇಳಬೇಕಾ? ರಾಜ್ಯದಲ್ಲಿ 2016ರಿಂದ ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ನಿಷೇಧ ಉಂಟು. ಪರಿಸರದ ಬಗ್ಗೆ ಸೆಮಿನಾರ್ ಮಾಡುವವರೂ ಫ್ಲೆಕ್ಸ್ ಹಾಕಿಯೇ ಮಾಡ್ತಾರೆ. ಬಟ್ಟೆ ಬ್ಯಾನರ್ ಬರೆಯುವ ಆರ್ಟಿಸ್ಟ್‌ಗಳು ಈಗಲೂ ನಮ್ಮಲ್ಲಿ ಇದ್ದಾರೆ. ಅವರಿಗೂ ಕೆಲಸ ಬೇಕು.

7/9

ಈ ಫೋಟೋದಲ್ಲಿ ರಾತ್ರಿ ಹತ್ತು ಗಂಟೆಯ ಹಂಪನಕಟ್ಟೆ. ರಸ್ತೆ ಹೆಚ್ಚುಕಡಿಮೆ ಖಾಲಿ.

ಅದೇ ಸಮ್ಮೇಳನದ ಎರಡನೇ ದಿನ ಪುಣೆಯಿಂದ ಬಂದಿದ್ದ ಇಬ್ಬರು ಹುಡುಗಿಯರು, ನಮ್ಮದೇ ವಯಸ್ಸು, ನನ್ನನ್ನು ಮೆಲ್ಲ ಪಕ್ಕಕ್ಕೆ ಕರೆದರು. "ರಾತ್ರಿ ಊಟ ಮುಗಿಸಿ ಸ್ವಲ್ಪ ಸುತ್ತಾಡಿ ಬರಬಹುದಾ? ನಮ್ಮ ಜೊತೆ ಟೀಮಿನ ಹುಡುಗರೂ ಇದ್ದಾರೆ, ತೊಂದರೆ ಇಲ್ವಾ?"

ಯಾಕೆ ಕೇಳಿದರು ಅಂತ ನಿಮಗೆ ವಿವರಿಸಬೇಕಾಗಿಲ್ಲ. ಹೊರಗಿನವರು ನಮ್ಮ ಊರಿನ ಹೆಸರು ನ್ಯೂಸ್‌ನಲ್ಲಿ ಯಾವ ಕಾರಣಕ್ಕೆ ಕೇಳಿದ್ದಾರೆ ಅಂತ ನಮಗೆ ಗೊತ್ತುಂಟು. ನಾನು "ತೊಂದರೆ ಇಲ್ಲ" ಅಂತ ಹೇಳಿದೆ. ಹೇಳುವ ಮೊದಲು ಒಂದು ಸೆಕೆಂಡ್ ತಡವರಿಸಿದೆ. ಆ ಒಂದು ಸೆಕೆಂಡನ್ನು ಅವರು ಗಮನಿಸಿದರು. ಅವರು ಹೊರಗೆ ಹೋಗಲಿಲ್ಲ.

ಎಷ್ಟು ಕೋಟಿಯ ಸೆಂಟರ್ ಕಟ್ಟಿದರೂ ಆ ಒಂದು ಸೆಕೆಂಡ್ ಇರುವವರೆಗೆ ನಾವು ಒಳ್ಳೆ ಆತಿಥೇಯರಲ್ಲ. ಇದನ್ನು ಹೇಳಿದರೆ ಊರಿಗೆ ಕೆಟ್ಟ ಹೆಸರು ಅಂತ ಕೆಲವರು ಕಮೆಂಟ್ ಹಾಕ್ತೀರಿ. ಹಾಕಿ. ಊರಿನ ಮೇಲೆ ಪ್ರೀತಿ ಇರುವುದಕ್ಕೇ ಹೇಳ್ತಿರುವುದು. ಬಂದರ್ ಕಡೆ ಒಮ್ಮೆ ನಡೆದು ನೋಡಿ. ರಥಬೀದಿಯ ವೆಂಕಟರಮಣ ದೇವಸ್ಥಾನ, ಮರದ ಕೆತ್ತನೆಗೆ ಹೆಸರಾದ ಜೀನತ್ ಬಕ್ಷ್ ಮಸೀದಿ, ಇಗರ್ಜಿಗಳು, ಎಲ್ಲ ನಡೆದು ಹೋಗುವಷ್ಟು ದೂರದಲ್ಲಿ. ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮಲಯಾಳ ಒಂದೇ ಅಂಗಡಿಯಲ್ಲಿ ಕೇಳ್ತದೆ. ಹೊರಗಿನವರಿಗೆ ತೋರಿಸಬೇಕಾದ ಊರು ಇದು. ತೋರಿಸುವಾಗ ನಮ್ಮ ದನಿ ನಡುಗಬಾರದು.

8/9

ಈಗ ನೇರ ನಮ್ಮ ವಿಷಯಕ್ಕೆ ಬರ್ತೇನೆ. ಕ್ಲಾಸಿನವರು ಕಿವಿ ಕೊಡಿ.

ಫೆಬ್ರವರಿಯಲ್ಲಿ ನಮ್ಮ ಡಿಪಾರ್ಟ್‌ಮೆಂಟ್ ಎರಡು ದಿನದ ಸಮ್ಮೇಳನ ಮಾಡ್ತಿದೆ. ಸೋಮವಾರ ಕಮಿಟಿ ಮೀಟಿಂಗ್. ನಾನು ಐದು ವಿಷಯ ಬರೆದು ಕೊಡ್ತೇನೆ. ನೀವು ಒಪ್ಪಿದರೆ ಸಹಿ ಹಾಕಿ.

ಒಂದು: ಎರಡು ದಿನದಲ್ಲಿ ಅರ್ಧ ದಿನ ಊರಿಗೆ. ಬೆಳಿಗ್ಗೆ ಬೇಗ ದಕ್ಕೆಗೆ ಹೋಗಿ ಮೀನು ಏಲಂ ನೋಡುವುದು, ಹಳೇ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಸಾಮಾನು ತುಂಬುವುದು ನೋಡುವುದು, ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಹೊಳೆ ದಾಟಿ ತಣ್ಣೀರುಬಾವಿ. "ಡೆಲಿಗೇಟ್‌ಗಳು ಪೇಪರ್ ಓದಲಿಕ್ಕೆ ಬರುವುದು, ಟೂರಿಗೆ ಅಲ್ಲ" ಅಂತ ಸರ್ ಹೇಳಬಹುದು. ಹೌದು ಸರ್. ಆದ್ರೆ ಪೇಪರನ್ನು ಈಗ ಆನ್‌ಲೈನ್‌ನಲ್ಲೂ ಓದಬಹುದು. ಇಲ್ಲಿಯವರೆಗೆ ಬಂದವರಿಗೆ ಇಲ್ಲಿ ಮಾತ್ರ ಸಿಗುವುದನ್ನು ಕೊಡುವ.

ಎರಡು: ಊಟ ಊರಿನವರಿಂದ, ಊರಿನದ್ದೇ. ಅಮ್ಮನ ಸಂಘಕ್ಕೇ ಕೊಡಿ ಅಂತ ನಾನು ಹೇಳುವುದಿಲ್ಲ, ಹೇಳಿದ್ರೆ ನೀವು ನಗ್ತೀರಿ. ಮೂರು ಸಂಘಗಳನ್ನು ಕೇಳಿ, ರೇಟ್ ತಗೊಳ್ಳಿ, ರುಚಿ ನೋಡಿ. ಅಮ್ಮನ ಸಂಘ ಸೋತರೆ ಸೋಲಲಿ. (ಸೋಲುವುದಿಲ್ಲ.)

ಮೂರು: ವಾಲಂಟಿಯರ್‌ಗಳಿಗೆ ಎರಡು ಪಾಳಿ, ಬಸ್ಸಿನ ಖರ್ಚು, ಡೆಲಿಗೇಟ್‌ಗಳ ಜೊತೆಯೇ ಕೂತು ಊಟ. ಸರ್ಟಿಫಿಕೇಟ್‌ನಲ್ಲಿ ಬರೀ "ಭಾಗವಹಿಸಿದ್ದಾರೆ" ಅಲ್ಲ, ಎಂಥ ಕೆಲಸ ಮಾಡಿದ್ದಾರೆ ಅಂತ ಬರೆಯಬೇಕು. ಹೆಸರಿನ ಸ್ಪೆಲ್ಲಿಂಗ್ ಸರಿ ಇರಬೇಕು.

ನಾಲ್ಕು: ಒಂದು ಗೋಷ್ಠಿ ಊರಿನವರಿಗೆ ತೆರೆದಿರಬೇಕು, ಕನ್ನಡದಲ್ಲಿ ಇರಬೇಕು. ಸಾಧ್ಯವಾದರೆ ಟೌನ್‌ಹಾಲ್‌ನಲ್ಲಿ. ದಲಿತ ಮಕ್ಕಳಿಗೆ ಶಾಲೆ ತೆರೆದ ಕುದ್ಮುಲ್ ರಂಗರಾವ್ ಅವರ ಹೆಸರಿನ ಹಾಲ್ ಅದು. ಅಲ್ಲಿ ಬಾಗಿಲು ಎಲ್ಲರಿಗೂ ತೆರೆದಿದ್ದರೇ ಆ ಹೆಸರಿಗೆ ಮರ್ಯಾದೆ. 1997ರಲ್ಲಿ ಇದೇ ಊರಲ್ಲಿ ಕಯ್ಯಾರ ಕಿಞ್ಞಣ್ಣ ರೈಗಳ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಆಗಿತ್ತು. ನನ್ನ ಅಜ್ಜ ಇವತ್ತಿಗೂ ಅದರ ಕಥೆ ಹೇಳ್ತಾರೆ. ಅವರು ಪ್ರೊಫೆಸರ್ ಅಲ್ಲ, ಬೀಡಿ ಕಂಪೆನಿಯಲ್ಲಿ ಲೆಕ್ಕ ಬರೀತಿದ್ದವರು. ಬಾಗಿಲು ತೆರೆದಿತ್ತು, ಒಳಗೆ ಹೋಗಿ ಕೂತರು, ಅಷ್ಟೇ. ನಮ್ಮ ಸಮ್ಮೇಳನದ ಕಥೆಯನ್ನು ಯಾರಾದ್ರೂ ಹಾಗೆ ಹೇಳ್ತಾರಾ?

ಐದು: ಬಟ್ಟೆ ಬ್ಯಾನರ್, ನೀರಿಗೆ ಕ್ಯಾನ್, ಸ್ಟೀಲ್ ಲೋಟ. ಬ್ಯಾನರ್ ಮೇಲೆ ನಮ್ಮದೇ ಸಮುದ್ರದ ಫೋಟೋ. ತೆಗೆಯಲಿಕ್ಕೆ ನಾನೇ ಬರ್ತೇನೆ, ಫ್ರೀ.

9/9

ಯಾಕೆ ಇಷ್ಟು ತಲೆ ಕೆಡಿಸಿಕೊಳ್ತೀ ಅಂತ ನೀವು ಕೇಳಬಹುದು. ಒಂದು ಕಾಲೇಜಿನ ಎರಡು ದಿನದ ಸಮ್ಮೇಳನದಿಂದ ಊರು ಬದಲಾಗ್ತದಾ?

ಊರು ಬದಲಾಗುವುದಿಲ್ಲ. ಆದ್ರೆ ನಮ್ಮ ಕ್ಲಾಸಿನ ಅರ್ಧಕ್ಕರ್ಧ ಜನ ಕೋರ್ಸ್ ಮುಗಿದ ಕೂಡಲೇ ಬೆಂಗಳೂರಿನ ರಾತ್ರಿ ಬಸ್ ಹತ್ತುವವರು, ಉಳಿದವರಲ್ಲಿ ಸುಮಾರು ಜನ ಗಲ್ಫ್‌ಗೆ ಹೋಗುವವರು. ನಂಗೆ ಇಲ್ಲೇ ಇರಬೇಕು ಅಂತ ಆಸೆ. ಇಲ್ಲಿ ಇದ್ದು ಮಾಡಬಹುದಾದ ಕೆಲಸ ಯಾವುದು ಅಂತ ಯೋಚಿಸಿದಾಗ ಇದು ಕಾಣ್ತದೆ: ಹೊರಗಿನವರಿಗೆ ಈ ಊರನ್ನು ಸರಿಯಾಗಿ ತೋರಿಸುವ ಕೆಲಸ. ಬಂದರ್‌ನ ಕಥೆ ಹೇಳುವವರು ಬೇಕು, ಭಾಷಾಂತರ ಮಾಡುವವರು ಬೇಕು, ಸೌಂಡ್ ಲೈಟ್ ಗೊತ್ತಿರುವವರು ಬೇಕು, ಅಡುಗೆಯವರು, ಡ್ರೈವರ್‌ಗಳು, ದೋಣಿಯವರು ಬೇಕು. ಇದು ಮರ್ಯಾದೆಯ ಕೆಲಸ ಆಗಬಹುದು. ಟೀ ಶರ್ಟ್ ಮತ್ತು ಸರ್ಟಿಫಿಕೇಟ್‌ಗೆ ಮಾಡಿಸಿಕೊಳ್ಳುವ ಬಿಟ್ಟಿ ಚಾಕರಿ ಆಗಿಯೂ ಉಳಿಯಬಹುದು. ಯಾವುದಾಗ್ತದೆ ಅನ್ನುವುದು ನಮ್ಮ ಮೊದಲ ಸಮ್ಮೇಳನದಲ್ಲಿ ನಾವು ಎಂಥ ಒಪ್ಪಿಕೊಳ್ತೇವೆ, ಎಂಥ ಒಪ್ಪುವುದಿಲ್ಲ ಅನ್ನುವುದರ ಮೇಲೆ ಉಂಟು.

ಮತ್ತೆ, ಕಲಬುರಗಿ ಮೇಡಂ. ಬಸ್ ಹೋದ ಮೇಲೆ ನಂಗೆ ಮನಸ್ಸು ತಡೀಲಿಲ್ಲ. ರಿಜಿಸ್ಟ್ರೇಷನ್ ಲಿಸ್ಟ್‌ನಲ್ಲಿ ಅವರ ನಂಬರ್ ಇತ್ತು. ಹಾಗೆ ನಂಬರ್ ತಗೊಂಡದ್ದು ಸರಿ ಅಲ್ಲ, ಗೊತ್ತುಂಟು, ಮೊದಲು ಕ್ಷಮೆ ಕೇಳಿಯೇ ಮೆಸೇಜ್ ಮಾಡಿದೆ. ಮರುದಿನ ಸಂಜೆ ಪಣಂಬೂರಿಗೆ ಹೋಗಿ ಎರಡು ನಿಮಿಷದ ವಿಡಿಯೋ ಮಾಡಿ ಕಳಿಸಿದೆ. ಗಾಳಿಯ ಸದ್ದು, ಚುರುಮುರಿಯವನ ಕೂಗು, ದೂರದಲ್ಲಿ ಬಂದರಿಗೆ ಕಾಯ್ತಾ ನಿಂತ ಹಡಗು, ನಮ್ಮ ಬಿಳಿಯಲ್ಲದ ಮರಳು.

ಅವರಿಂದ ಒಂದು ವಾಯ್ಸ್ ಮೆಸೇಜ್ ಬಂತು. "ಭಾಳ ದೊಡ್ಡದದ ಅಲ್ಲವ್ವಾ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಮುಂದಿನ ಸಲ ಮೊದ್ಲ ಅಲ್ಲಿಗೇ ಬರ್ತೀನಿ, ಆಮ್ಯಾಲ ನಿಮ್ಮ ಹಾಲ್‌ಗೆ."

ಫೆಬ್ರವರಿಗೆ ಅವರನ್ನು ಕರೆದಿದ್ದೇನೆ. ಬರ್ತೇನೆ ಅಂದಿದ್ದಾರೆ. ಹಾಗಾಗಿ ಸೋಮವಾರದ ಮೀಟಿಂಗ್‌ಗೆ ದಯವಿಟ್ಟು ಎಲ್ಲರೂ ಬನ್ನಿ ಮಾರಾಯ್ರೆ, ಮಧ್ಯಾಹ್ನ ಎರಡಕ್ಕೆ, ಸೆಮಿನಾರ್ ರೂಮಿನಲ್ಲಿ. ಬರಲಿಕ್ಕೆ ಆಗದವರು ಐದರಲ್ಲಿ ಯಾವುದಕ್ಕೆ ಒಪ್ಪಿಗೆ, ಯಾವುದಕ್ಕೆ ಇಲ್ಲ ಅಂತ ಕೆಳಗೆ ನಂಬರ್ ಹಾಕಿ. ಬೇರೆ ಊರಿನವರು ನಿಮ್ಮ ಊರಲ್ಲಿ ಹೇಗೆ ನಡೀತದೆ ಅಂತ ಬರೀರಿ. ಎಲ್ಲ ಓದ್ತೇನೆ.

#ಮಂಗಳೂರು #ಕುಡ್ಲ #ನಮ್ಮಕಡಲು #ಬ್ಯಾನರ್‌ಇಳಿಸಿದಮೇಲೆ